ಉಡಿಯೊಳಗಿನ ಮಸಾಲಿ

"ಉಡಿ ಅಗಲ ಹಿಡಿಯೇ ರಂಡಿ. ಮಸಾಲಿ ಏನ್ ನಿಮ್ಮಪ್ಪನ ಮನಿಂದ ಬಂದಾದೇನು, ನೆಲಕ್ಕ ಚೆಲ್ಲಲಾಕ?"

ಮೇಸ್ತ್ರಿ ಮಲ್ಲಣ್ಣ ಬುಟ್ಟಿಯನ್ನೇ ಎತ್ತಿ ಕಾವೇರಿಯ ಉಡಿಗೆ ಸುರಿದ. ಹಳೆಯ ಪೇಪರಿನಲ್ಲಿ ಸುತ್ತಿದ ಸಣ್ಣ ಸಣ್ಣ ಪೊಟ್ಟಣಗಳು. ಒಳಗೆ ಕಡಲೆ ಗಾತ್ರದ ಬೂದು ಕಲ್ಲು, ಕಲ್ಲಿನ ಪುಡಿ. ಅದರ ಹೆಸರು ಕಾರ್ಬೈಡು. ಗೋದಾಮಿನಲ್ಲಿ ಯಾರೂ ಹಾಗೆ ಅನ್ನುವುದಿಲ್ಲ, ಮಸಾಲಿ ಅನ್ನುತ್ತಾರೆ. ಹಸಿ ಗೊನೆಗಳ ನಡುವೆ ಈ ಪೊಟ್ಟಣ ಇಟ್ಟು ಬಾಗಿಲು ಹಾಕಿದರೆ ಕಾಯಿ ರಾತ್ರಿ ಕಳೆಯುವುದರೊಳಗೆ ಬಣ್ಣ ತಿರುಗುತ್ತದೆ. ಕಮಲಾಪುರದಲ್ಲಿ ಕೆಂಪು ಬಾಳೆಯನ್ನು ಹುಲ್ಲಿನಲ್ಲಿ ಮುಚ್ಚಿ, ಅದು ತಾನಾಗಿ ಮಾಗುವ ತನಕ ಕಾಯುವ ಸಣ್ಣ ರೈತರು ಇಂದಿಗೂ ಇದ್ದಾರೆ. ಅಣವೀರಪ್ಪ ಸಾವುಕಾರನಿಗೆ ಅಷ್ಟು ಪುರುಸೊತ್ತಿಲ್ಲ. ಮಸಾಲಿ ಹಾಕಬಾರದು ಅಂತ ಕಾನೂನಿದೆಯಂತೆ. ಆ ಕಾನೂನು ನೋಡಿಕೊಳ್ಳುವ ಸಾಹೇಬರು ಹಬ್ಬಕ್ಕೊಮ್ಮೆ ಜೀಪಿನಲ್ಲಿ ಬಂದು, ಎರಡು ಗೊನೆ ಹೇರಿಕೊಂಡು, ಗೋದಾಮಿನ ಗೋಡೆ ಬಲು ಗಟ್ಟಿಯಾಗಿದೆ ಎಂದು ಹೊಗಳಿ ಹೋಗುತ್ತಾರೆ.

ಗೊನೆ ಎತ್ತಲು ಎರಡೂ ಕೈ ಬೇಕು. ಹೀಗಾಗಿ ಪೊಟ್ಟಣಗಳಿಗೆ ಹೆಂಗಸರ ಉಡಿಯೇ ಚೀಲ. ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿದರೆ ಹೊಟ್ಟೆಯ ಮೇಲೊಂದು ಜೋಳಿಗೆ ಆಗುತ್ತದೆ. ಬೇಸಿಗೆಯಲ್ಲಿ ಆ ಜೋಳಿಗೆಯ ಕೆಳಗೆ ಬೆವರು ಇಳಿಯುತ್ತದೆ. ಮಸಾಲಿಗೂ ನೀರಿಗೂ ಆಗಿಬರುವುದಿಲ್ಲ. ಹನಿ ತಾಗಿದರೆ ಸಾಕು, ಕಲ್ಲು ಚುರ್ ಎಂದು ಕುದಿಯುತ್ತದೆ. ಕಾವೇರಿಯ ಹೊಟ್ಟೆಯ ಮೇಲೆ ಅಂಥ ಕಲೆಗಳು ಹಪ್ಪಳದ ಬೊಬ್ಬೆಗಳಂತೆ ಎದ್ದಿದ್ದವು. ಗಂಡ ಯಂಕಪ್ಪ ಅವನ್ನು ನೋಡಿಯೂ ಏನೂ ಅನ್ನುವುದಿಲ್ಲ. ಅವನ ಬೆನ್ನ ಮೇಲೆ ಗೊನೆ ಹೊತ್ತ ಕಲೆಗಳಿವೆ, ಅವಳೂ ಏನೂ ಅನ್ನುವುದಿಲ್ಲ.

ಅವತ್ತು ಒಂದು ಪೊಟ್ಟಣ ಉಡಿಯಲ್ಲೇ ಹರಿಯಿತು. ಮಲ್ಲಣ್ಣ ಕಂಡರೆ ಅವ್ವ ಅಪ್ಪ ಎನ್ನದೆ ಏಳು ತಲೆಮಾರಿಗೂ ಬಯ್ಯುವವನು. ಕಾವೇರಿ ಉಳಿದ ಕಲ್ಲನ್ನು ಪೇಪರಿನಲ್ಲೇ ಮುದುಡಿ, ಸೀರೆಯ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೊರಗೆ ಹೋಗಿ ಎಸೆದರಾಯಿತು ಅಂದುಕೊಂಡಳು. ಚೆಲ್ಲಿದ ಪುಡಿ ಉಡಿಯ ಮಡಿಕೆಗಳಲ್ಲಿ ಹಾಗೇ ಕೂತಿತ್ತು.

ಸಂಜೆಗೆ ಸಾವುಕಾರನ ಹೆಂಡತಿ ಶಂಕ್ರಮ್ಮ ಬಂದಳು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಉದುರಿದ ಹಣ್ಣಿನ ಬುಟ್ಟಿ. ಗೊನೆ ಇಳಿಸುವಾಗ ಕಳಚಿ ಬಿದ್ದ, ಸಿಪ್ಪೆ ಸೀಳಿದ, ಗಿರಾಕಿಗೆ ಬೇಡವಾದ ಹಣ್ಣುಗಳು ಕೂಲಿಯ ಹೆಂಗಸರಿಗೆ.

"ಬರ್ರೇ, ಉಡಿ ತುಂಬ್ತೀನಿ. ಮುತ್ತೈದೇರಿಗಿ ಬರಗೈಲೆ ಕಳಿಸಿದ್ರ ಪಾಪ ಬರ್ತದ."

ಉಡಿ ತುಂಬುವುದೆಂದರೆ ಮಂಗಳದ ಕೆಲಸ. ಉಡಿಗೆ ಬಿದ್ದದ್ದನ್ನು ಒಲ್ಲೆ ಅನ್ನುವಂತಿಲ್ಲ. ಇನ್ನೂ ಒಂದುಂಟು. ಕೊಡುವವರ ಮುಂದೆ ಉಡಿ ಝಾಡಿಸಬಾರದು. ಝಾಡಿಸಿದರೆ ನಿಮ್ಮ ಹಂಗೂ ಬೇಡ, ನಿಮ್ಮ ಹೊಸ್ತಿಲೂ ಬೇಡ ಎಂದಂತೆ. ಅವ್ವಂದಿರು ಹೆಣ್ಣುಮಕ್ಕಳಿಗೆ ನಡಿಗೆಗಿಂತ ಮೊದಲು ಕಲಿಸುವ ಮಾತು ಇದು. ಅದಕ್ಕೇ ಗೋದಾಮಿನ ಹೆಂಗಸರು ಪೊಟ್ಟಣ ಹೊತ್ತ ಉಡಿಯನ್ನೇ, ಪುಡಿ ಕೂತ ಉಡಿಯನ್ನೇ, ಇದ್ದದ್ದು ಇದ್ದ ಹಾಗೆ ಒಡ್ಡಿ ನಿಂತರು.

ಶಂಕ್ರಮ್ಮ ಹಣ್ಣನ್ನು ಮೇಲಿನಿಂದ ಬಿಟ್ಟಳು. ಒಡ್ಡಿದವರು ಕೇರಿಯ ಹೆಂಗಸರು, ಕೈ ತಾಗಬಾರದು. ಅಷ್ಟೆತ್ತರದಿಂದ ಬಿದ್ದು ಸೀಳಿದ್ದ ಹಣ್ಣು ಇನ್ನಷ್ಟು ಸೀಳಿತು.

"ಅವ್ವಾರ, ಆ ಕಡಿ ಹುಲ್ಲಿನಾಗ ಇಟ್ಟೀರಲ್ಲ, ಅದರಾಗಿಂದು ಒಂದು ಕೊಡ್ರಿ. ನನ್ನ ಕೂಸು ಕೇಳ್ತಾನ" ಎಂದಳು ಕಾವೇರಿ.

ಗೋದಾಮಿನ ಮೂಲೆಯಲ್ಲಿ ಬೇವಿನ ಸೊಪ್ಪು, ಹುಲ್ಲು ಹೊದಿಸಿದ ಒಂದು ಗೊನೆ ಇತ್ತು. ಅದಕ್ಕೆ ಮನೆ ಗೊನೆ ಅನ್ನುತ್ತಾರೆ. ದೇವರಿಗೆ ಮತ್ತು ಸಾವುಕಾರನ ಮನೆಯ ಊಟದೆಲೆಗೆ. ಅದರ ಹತ್ತಿರ ಮಸಾಲಿ ಸುಳಿಯುವಂತಿಲ್ಲ, ಆಳುಗಳೂ ಸುಳಿಯುವಂತಿಲ್ಲ.

"ಅದು ದೇವ್ರದು. ನಿನ್ನ ಮಗನ ನಾಲಿಗಿ ದೇವ್ರಗಿಂತ ಉದ್ದ ಆಗ್ಯಾದೇನೇ?" ಎಂದು ಶಂಕ್ರಮ್ಮ ನಕ್ಕಳು. ಬುಟ್ಟಿ ಹಿಡಿದಿದ್ದ ಮಲ್ಲಣ್ಣನೂ ನಕ್ಕ. ನಗದಿದ್ದರೆ ಕೆಲಸ ಇರುವುದಿಲ್ಲವಲ್ಲ, ಹೆಂಗಸರೂ ನಕ್ಕರು.

ಗೋದಾಮಿನ ಹಿಂದೆಯೇ ಸಾವುಕಾರನ ಜಾಗದಲ್ಲಿ ಆಳುಗಳ ತಗಡಿನ ಖೋಲಿಗಳು. ಕಾವೇರಿಯ ಮಗ ವಿಶ್ವಾಸ, ಅಂಗನವಾಡಿಗೆ ಹೋಗುವ ಕೂಸು, ಬಾಗಿಲಲ್ಲೇ ಅವಳ ಉಡಿಗೆ ಕೈ ಹಾಕಿದ. ಎರಡು ಹಣ್ಣು ತಿಂದು ಬೆರಳು ನೆಕ್ಕಿದ. ಬೆರಳಿಗಂಟಿದ ಬೂದು ಪುಡಿಯನ್ನೂ ನೆಕ್ಕಿದ. ಮಗ ಹೊಟ್ಟೆ ತುಂಬ ತಿಂದ ಅಂತ ಕಾವೇರಿಗೆ ಅವತ್ತು ಖುಷಿಯಾಗಿತ್ತು. ಆ ಖುಷಿ ನೆನೆದಾಗಲೆಲ್ಲ ಮುಂದೆ ಅವಳಿಗೆ ತನ್ನ ಕೈಯನ್ನೇ ಕಡಿದುಕೊಳ್ಳಬೇಕು ಅನ್ನಿಸಿತು.

ಬೆಳಗಾಗುವುದರೊಳಗೆ ಕೂಸು ಹೊಟ್ಟೆ ಹಿಡಿದುಕೊಂಡು ಸುರುಳಿ ಸುತ್ತಿತ್ತು.

"ಯವ್ವಾ, ಉರೀತದ. ಇಲ್ಲಿ ಉರೀತದ."

ಅತ್ತೆ ಸಾಬಮ್ಮ ಮೊಮ್ಮಗನ ಹೊಟ್ಟೆ ಮುಟ್ಟಿ ನೋಡಿದಳು. "ಉಷ್ಣ ಆಗ್ಯಾದ. ಬಾಳಿಹಣ್ಣು ತಂಪು. ಹೊಟ್ಟಿ ಉರಿಗಿ ಅದರಕಿಂತ ದೊಡ್ಡ ಔಷಧ ಇಲ್ಲ." ಅವಳ ಅವ್ವ ಹಾಗೇ ಮಾಡುತ್ತಿದ್ದಳು, ಅವ್ವನ ಅವ್ವನೂ ಹಾಗೇ. ಉಳಿದಿದ್ದ ಒಂದು ಹಣ್ಣನ್ನು ಹರಳುಪ್ಪು ಹಾಕಿ ಕಿವುಚಿ, ಅಳುವ ಬಾಯಿಗೆ ಬೆರಳಿನಿಂದ ತುರುಕಿ, ರಮಿಸಿ ತಿನ್ನಿಸಿದಳು. ಕೂಸು ನುಂಗಿತು. ನುಂಗಿ, ಸ್ವಲ್ಪ ಹೊತ್ತಿಗೆ ಅಜ್ಜಿಯ ಮಡಿಲ ತುಂಬ ಕಾರಿಕೊಂಡಿತು. ಅದರಲ್ಲಿ ನೂಲಿನಂತೆ ರಕ್ತ ಇತ್ತು.

"ಬಳ್ಳೊಳ್ಳಿ ಯಾರ ತಿನ್ನಿಸೀರೇ ಕೂಸಿಗಿ? ನಾರ್ಲಾಕತ್ತಾದ" ಎಂದಳು ಸಾಬಮ್ಮ.

ಮನೆಯಲ್ಲಿ ಬೆಳ್ಳುಳ್ಳಿ ಮುಗಿದು ವಾರವಾಗಿತ್ತು. ಕಾವೇರಿ ತನ್ನ ಉಡಿಯನ್ನು ಎತ್ತಿ ಮೂಗಿಗೆ ಹಿಡಿದಳು. ಅದೇ ವಾಸನೆ. ದಿನವಿಡೀ ಗೋದಾಮಿನಲ್ಲಿ ಕುಡಿಯುವ ವಾಸನೆ, ಅದಕ್ಕೇ ಇಷ್ಟು ಹೊತ್ತು ಗೊತ್ತಾಗಿರಲಿಲ್ಲ.

"ಮಸಾಲಿ ಹೊಟ್ಟ್ಯಾಗ ಹೋಗ್ಯಾದ" ಎಂದಳು ಗಂಡನಿಗೆ.

ಯಂಕಪ್ಪ ಬಾಗಿಲ ಕಡೆ ನೋಡಿದ, ಆಮೇಲೆ ಗೋಡೆಯ ಕಡೆ. "ಆ ಮಾತು ಬಾಯಾಗs ಇಟ್ಕೋ. ಗೋಡಿ ಅವರದು, ತಲಿ ಮ್ಯಾಲಿನ ಪತ್ರಾ ಅವರದು."

ಸಾವುಕಾರನ ಮನೆಯ ಗೇಟಿಗೆ ಹುಟ್ಟುಹಬ್ಬದ ಬ್ಯಾನರು ಕಟ್ಟುತ್ತಿದ್ದರು. ಮಾರನೆಯ ದಿನ ಅಣವೀರಪ್ಪನಿಗೆ ಅರವತ್ತು ತುಂಬುವುದಿತ್ತು. ಬ್ಯಾನರಿನಲ್ಲಿ ಅವನು ಕೈ ಮುಗಿದು ನಗುತ್ತಿದ್ದ. ಕಟ್ಟೆಯ ಮೇಲಿನ ಅಣವೀರಪ್ಪ ಬೇವಿನ ಕಡ್ಡಿ ಜಗಿಯುತ್ತ ಅವರಿಬ್ಬರನ್ನೂ ಗೇಟಿನ ಹೊರಗೇ ನಿಲ್ಲಿಸಿದ.

"ಏನ್ ತಿನ್ನಿಸಿದ್ಯೇ ಕೂಸಿಗಿ?"

"ನಿನ್ನಿ ಅವ್ವಾರು ಉಡಿ ತುಂಬಿದ ಹಣ್ರೀ ಧಣಿ. ಅದಕ್ಕ ಮಸಾಲಿ ಹತ್ತಿತ್ತು."

ಸಾವುಕಾರ ಕಡ್ಡಿಯನ್ನು ಬಾಯಿಂದ ತೆಗೆದ. "ಯಾವ ಮಸಾಲಿ?"

ಕಾವೇರಿ ಗಂಡನ ಕಡೆ ನೋಡಿದಳು.

"ಹೇಳೇ. ನಮ್ಮ ಗೋದಾಮಿನಾಗ ಮಸಾಲಿ ಅದ ಅಂತ ಯಾವ ಸೂಳಿಮಗ ಹೇಳಿದ ನಿನಗ? ನೀ ಕಂಡೀಯೇನಲೇ ಯಂಕ್ಯಾ?"

"ಇಲ್ರೀ ಧಣಿ" ಎಂದ ಯಂಕಪ್ಪ.

"ನೋಡು, ಗಂಡಸು ಕಂಡಿಲ್ಲ. ಹೊಟ್ಟಿಗಿ ಹಾಕಿದ ಕೈ ಕಡೀತೀರಿ ನೀವು. ಜಾತಿ ಗುಣ ಎಲ್ಲಿ ಹೋಗ್ತದ." ತುಪ್ಪೆಂದು ಉಗಿದ. ಉಗುಳು ಗೇಟಿನ ಸಂದಿಯಿಂದ ಬಂದು ಕಾವೇರಿಯ ಕಾಲ ಬಳಿ ಬಿತ್ತು. "ಕಲಬುರ್ಗಿಗಿ ಒಯ್ರಿ, ನಮ್ಮ ಯಶವಂತನ ದವಾಖಾನಿಗಿ. ಏನ್ ತಿಂತು ಅಂದ್ರ, ಹಳಸಿದ್ದು ತಿಂತು ಅನ್ನು."

"ಹಳಸಿದ ರೊಟ್ಟಿ ಅಂತೀವ್ರಿ" ಎಂದ ಯಂಕಪ್ಪ.

"ರೊಟ್ಟಿ ಹಳಸಂಗಿಲ್ಲಲೇ ಹುಚ್ಚ ಸೂಳಿಮಗನ. ಅನ್ನ ಅನ್ನು."

ಮನೆಯ ಮುಂದೆ ಎರಡು ಕಾರಿದ್ದವು. ಕೂಸು ಕಾರಿದರೆ ಸೀಟು ಕೆಡುತ್ತದೆ ಅಂತ ಅವರಿಗೆ ಹಣ್ಣಿನ ಟೆಂಪೊ ಸಿಕ್ಕಿತು. ಹಿಂದೆ, ಕ್ರೇಟುಗಳ ನಡುವೆ. ಮಸಾಲಿಯಲ್ಲಿ ಮಾಗಿದ ಕೆಂಪು ಹಣ್ಣುಗಳು ಕಲಬುರಗಿಯ ಮಾರ್ಕೆಟ್ಟಿಗೆ ಹೊರಟಿದ್ದವು. ದಾರಿಯುದ್ದಕ್ಕೂ ಕೂಸು ಕಾವೇರಿಯ ತೊಡೆಯ ಮೇಲೆ ಕಾಲು ಮಡಚಿಕೊಂಡು ನರಳಿತು. ಯಂಕಪ್ಪ ಕ್ರೇಟು ಜಾರದಂತೆ ಹಿಡಿದುಕೊಂಡು ಕೂತಿದ್ದ. ಮಗನನ್ನು ಹಿಡಿಯೋ ಅಂತ ಕಾವೇರಿಗೆ ಕೂಗಬೇಕೆನಿಸಿತು, ಕೂಗಲಿಲ್ಲ.

ಜೇವರ್ಗಿ ಕಾಲೋನಿಯ ಆ ದವಾಖಾನೆಯ ನೆಲ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಸಾಲು ಕುರ್ಚಿಗಳಲ್ಲಿ ತಿಂಗಳ ಪಗಾರದವರ ಮಕ್ಕಳು ಬಿಸ್ಕಿಟು ಕಡಿಯುತ್ತ ಕೂತಿದ್ದವು. ಕಂಪೌಂಡರ್ ಇವರನ್ನು ಮೆಟ್ಟಿಲ ಮೇಲೆ ಕೂರಿಸಿದ. ಕುರ್ಚಿಯ ಮಕ್ಕಳೆಲ್ಲ ಒಳಗೆ ಹೋಗಿ ಬಂದರೂ ಮೆಟ್ಟಿಲಿನ ಕೂಸಿನ ಪಾಳಿ ಬರಲಿಲ್ಲ. ವಿಶ್ವಾಸ ಮೆಟ್ಟಿಲ ಮೇಲೇ ಕಾರಿಕೊಂಡ.

ಆಗ ಯಶವಂತ ಡಾಕ್ಟರ್ ಹೊರಗೆ ಬಂದ.

"ಮೊದಲು ಒರಸು. ಇಲ್ಲಿ ಸಣ್ಣ ಮಕ್ಕಳು ಬರ್ತಾವ."

ಕಾವೇರಿಯ ತೊಡೆಯ ಮೇಲಿದ್ದದ್ದೂ ಸಣ್ಣ ಮಗುವೇ. ಅವಳು ಸೆರಗಿನಿಂದ ಮೆಟ್ಟಿಲು ಒರೆಸಿದಳು. ಡಾಕ್ಟರ್ ಕೂಸನ್ನು ಮುಟ್ಟಲಿಲ್ಲ. ನಿಂತಲ್ಲೇ ಒಂದಿಷ್ಟು ಬಗ್ಗಿದ. ಬಗ್ಗಿದವನ ಮೂಗಿನ ಹೊಳ್ಳೆ ಅರಳಿತು. ಥಟ್ಟನೆ ಹಿಂದೆ ಸರಿದ. ಏನು ತಿಂದಿತ್ತು ಅಂತ ಕೇಳಲೇ ಇಲ್ಲ. ಕಾವೇರಿ ಅನ್ನದ ಸುಳ್ಳನ್ನು ನಾಲಿಗೆಯ ಮೇಲಿಟ್ಟುಕೊಂಡು ಕಾಯುತ್ತಿದ್ದಳು, ಅವನಿಗೆ ಅದು ಬೇಕಾಗಿರಲಿಲ್ಲ. ಮೊಬೈಲು ಕಿವಿಗಿಟ್ಟು ಒಳಗೆ ಹೋದ. "ಅಪ್ಪಾ, ನನ್ನ ಹತ್ರ ಯಾಕ ಕಳಿಸ್ದಿ ಇದನ್ನ" ಅನ್ನುವಷ್ಟು ಮಾತ್ರ ಬಾಗಿಲು ಮುಚ್ಚುವ ಮುಂಚೆ ಕೇಳಿಸಿತು.

ಕಂಪೌಂಡರ್ ಬಂದು, ಸರಕಾರಿ ದವಾಖಾನಿಗಿ ಒಯ್ಯಬೇಕಂತ, ಎಂದ.

"ಏನಾಗ್ಯಾದಂತ್ರಿ ನನ್ನ ಮಗನಿಗಿ?"

"ಏನೂ ಆಗಿಲ್ಲ. ಹೊಲಸು ತಿಂದಾದ. ನಡೀರಿ, ನಡೀರಿ."

ಡಾಕ್ಟರನಿಗೆ ಗೊತ್ತು, ಕಲಿತವನಿಗೆ ವಾಸನೆಗೇ ಗೊತ್ತಾಗಿದೆ, ಗೊತ್ತಿದ್ದೇ ಓಡಿಸುತ್ತಿದ್ದಾನೆ ಎಂಬ ಸಿಟ್ಟಿನಲ್ಲಿ ಕಾವೇರಿ ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು.

ದೊಡ್ಡ ಸರಕಾರಿ ದವಾಖಾನೆಯ ಮಕ್ಕಳ ವಾರ್ಡಿನಲ್ಲಿ ಒಂದು ಮಂಚಕ್ಕೆ ಎರಡು ಕೂಸು. ವಿಶ್ವಾಸನಿಗೆ ಮಂಚದ ಅರ್ಧ ಸಿಕ್ಕಿತು. ಇನ್ನರ್ಧದಲ್ಲಿ ಮೋಮಿನಪುರದ ಆಸ್ಫಿಯಾಳ ಮಗಳು, ಅವಳಿಗೂ ವಾಂತಿ, ಭೇದಿ. ಅವರ ಓಣಿಯ ನಳಕ್ಕೆ ಗಟಾರದ ನೀರು ಸೇರಿತ್ತಂತೆ. ಆಸ್ಫಿಯಾ ತನ್ನ ಮಗಳನ್ನು ಮಗ್ಗುಲಿಗೆ ಸರಿಸಿ ಜಾಗ ಮಾಡಿದಳು.

ಡಾಕ್ಟರಮ್ಮನ ಕಣ್ಣು ನಿದ್ದೆಗೆಟ್ಟು ಕೆಂಪಾಗಿದ್ದವು. ಬೆಂಗಳೂರು ಕಡೆಯವಳು. "ಏನು ತಿಂದಿತ್ತು ಮಗು?"

ಬಾಗಿಲ ಬಳಿ ಮಲ್ಲಣ್ಣ ನಿಂತಿದ್ದ. ಟೆಂಪೊದ ಮುಂದಿನ ಸೀಟಿನಲ್ಲಿ ಕೂತು ಬಂದಿದ್ದವನು, ನೆರಳಿನಂತೆ ಬೆನ್ನ ಹಿಂದೆಯೇ ಇದ್ದ.

"ಅನ್ನ ರೀ. ಹಳಸಿದ್ದು" ಎಂದಳು ಕಾವೇರಿ.

"ಹಳಸಿದ್ದನ್ನ ನಾಯಿಗೂ ಹಾಕಲ್ಲ. ನೀವು ಮಕ್ಕಳಿಗೆ ಹಾಕ್ತೀರ. ಹೆರೋದಕ್ಕೆ ಮಾತ್ರ ಮುಂದೆ, ಸಾಕೋದಕ್ಕೆ ನಾವು ಬೇಕು." ಅವಳು ಸಲೈನು ಏರಿಸುತ್ತಲೇ ಬಯ್ದಳು. ಆಮೇಲೆ ಕೂಸಿನ ಬಾಯಿಗೆ ಟಾರ್ಚು ಬಿಟ್ಟು ಬಗ್ಗಿ ನೋಡಿದಳು. "ನೋಡಮ್ಮ, ಗಂಟಲು ಬೆಂದಿದೆ. ಅನ್ನಕ್ಕೆ ಕೊಡೋ ಔಷಧಿ ಬೇರೆ, ವಿಷಕ್ಕೆ ಕೊಡೋದು ಬೇರೆ. ನಿಜ ಹೇಳಿದ್ರೆ ನಾನೇನಾದ್ರೂ ಮಾಡಬಹುದು. ಏನು ತಿಂದಿತ್ತು?"

ಮಲ್ಲಣ್ಣ ಕೆಮ್ಮಿದ. ಯಂಕಪ್ಪ ತಲೆ ಬಗ್ಗಿಸಿದ.

"ಅನ್ನ ರೀ" ಎಂದಳು ಕಾವೇರಿ.

ಡಾಕ್ಟರಮ್ಮ ಮುಂದಿನ ಮಂಚಕ್ಕೆ ಹೋದಳು. ಮಲ್ಲಣ್ಣ ಹತ್ತಿರ ಬಂದು ಯಂಕಪ್ಪನ ಹೆಗಲ ಮೇಲೆ ಕೈ ಹಾಕಿದ. ಮುಟ್ಟಿದ್ದು ಅದೇ ಮೊದಲು. "ಶ್ಯಾಣ್ಯಾ ಇದ್ದಿ. ಹಿಂಗs ಇರ್ರಿ. ಇಲ್ಲಾಂದ್ರ ಊರಿಗಿ ಬರೂದ್ರಾಗ ನಿಮ್ಮ ಗಡಿಗಿ, ನಿಮ್ಮ ಮುದುಕಿ, ಎರಡೂ ರಸ್ತಾದ ಮ್ಯಾಲ ಇರ್ತಾವ."

ಅವನು ಹೋದ ಮೇಲೆ ಆಸ್ಫಿಯಾ ಚಹಾದ ಕಪ್ಪನ್ನು ಕಾವೇರಿಯ ಕೈಗೆ ಕೊಟ್ಟಳು. ಮೇಲಿನಿಂದ ಬಿಡಲಿಲ್ಲ, ಬೆರಳಿಗೆ ಬೆರಳು ತಾಗಿಸಿಯೇ ಕೊಟ್ಟಳು.

"ಝೂಟ್ ಯಾಕ ಹೇಳ್ದಿ ಬಹೆನ್? ನಿನ್ನ ಬೇಟಾನ ತುಟಿ ಸುಟ್ಟಾವ. ಬಾಸಿ ಅನ್ನ ತುಟಿ ಸುಡ್ತದ ಕ್ಯಾ?"

"ಖರೇ ಹೇಳಿದ್ರ ಮನಿ ಹೋಗ್ತದ."

"ಮಗ ಹೋದ ಮ್ಯಾಲ ಮನ್ಯಾಗ ಯಾರನ ಇಟ್ಕೊಂತಿ?"

ಯಂಕಪ್ಪ ಎದ್ದು ಹೊರಗೆ ಹೋದ. ಕಾವೇರಿ ಚಹಾ ಕುಡಿಯಲಿಲ್ಲ. ಆಗಿನಿಂದ ಸೊಂಟದಲ್ಲಿ ಏನೋ ಕಡಿಯುತ್ತಿತ್ತು. ಕೈ ಹಾಕಿದಳು. ಸೀರೆಯ ತುದಿಯ ಗಂಟು. ಎಸೆಯಲು ಮರೆತ ಪೊಟ್ಟಣ ಬೆವರಿಗೆ ಸೋಕಿ ಚರ್ಮ ಸುಡುತ್ತಿತ್ತು. ಹೊರಗಿನಿಂದ ಸೋಕಿದ್ದಕ್ಕೇ ಇಷ್ಟು ಉರಿ. ಮಗ ಅದನ್ನು ನುಂಗಿದ್ದಾನೆ. ಅವಳು ಗಂಟು ಬಿಚ್ಚಲು ಹೋಗಿ, ಬಿಚ್ಚದೆ, ಇನ್ನೊಂದು ಸುತ್ತು ಬಿಗಿದು ಒಣಗಿದ್ದ ಕಡೆಗೆ ಸಿಕ್ಕಿಸಿಕೊಂಡಳು. ಯಾಕೆ ಇಟ್ಟುಕೊಂಡೆ ಅಂತ ಆಗ ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ.

ಮಾರನೆಯ ದಿನ ಮುಂಜಾನೆ ವಾರ್ಡಿನ ನೆಲಕ್ಕೆ ಎರಡೆರಡು ಸಲ ಫಿನಾಯಿಲ್ ನೀರು ಹಾಕಿದರು. ದೊಡ್ಡವರು ಬರುತ್ತಾರೆ, ರೋಗಿಗಳಿಗೆ ಹಣ್ಣು ಹಂಚುತ್ತಾರೆ ಅಂದರು. ದೊಡ್ಡವರ ಹುಟ್ಟುಹಬ್ಬಕ್ಕೆ ನಮ್ಮ ಕಡೆ ರೋಗಿಗಳಿಗೆ ಹಣ್ಣು ಹಂಚುವುದು ವಾಡಿಕೆ. ರೋಗಿಗಳು ಮಲಗಿರುತ್ತಾರೆ, ಓಡಿಹೋಗುವುದಿಲ್ಲ, ಫೋಟೊ ಚೆನ್ನಾಗಿ ಬರುತ್ತದೆ.

ವಿಶ್ವಾಸನ ದನಿ ಅಡಗಿಹೋಗಿತ್ತು. ಆಗೊಮ್ಮೆ ಈಗೊಮ್ಮೆ ಕಾಲು ಹೊಟ್ಟೆಗೆ ಎಳೆದುಕೊಳ್ಳುತ್ತಿದ್ದ. ಡಾಕ್ಟರಮ್ಮ ಬಂದು ಹೊಟ್ಟೆ ಒತ್ತಿ ನೋಡಿ, ಮುಖ ಗಂಟಿಕ್ಕಿಕೊಂಡು, ಯಾರಿಗೋ ಫೋನು ಮಾಡುತ್ತ ಅಲ್ಲೇ ನಿಂತಿದ್ದಳು.

ಮೊದಲು ಕ್ಯಾಮರಾದವರು ಒಳಗೆ ಬಂದರು. ಅವರ ಹಿಂದೆ ಹೂವಿನ ಹಾರ ಹಾಕಿಕೊಂಡ ಅಣವೀರಪ್ಪ, ರೇಷ್ಮೆ ಸೀರೆಯ ಶಂಕ್ರಮ್ಮ, ಅವಳ ಕೈ ಹಿಡಿದ ಪುಟ್ಟ ಹುಡುಗಿ, ಯಶವಂತ ಡಾಕ್ಟರನ ಮಗಳು. ಹಣ್ಣಿನ ಕ್ರೇಟು ಹೊತ್ತ ಮಲ್ಲಣ್ಣ ಕೊನೆಗೆ. ಕೆಂಪು ಬಾಳೆ, ಬೂದು ಪುಡಿಯನ್ನು ಬಟ್ಟೆಯಿಂದ ಒರೆಸಿ ಮಿಂಚಿಸಿದ್ದರು. ಒಂದೊಂದು ಮಂಚಕ್ಕೆ ಒಂದೊಂದು ಚಿಪ್ಪು. ತಾಯಂದಿರು ಕೈ ಮುಗಿದರು.

ಕಾವೇರಿಯ ಮಂಚದ ಹತ್ತಿರ ಬಂದಾಗ ಹುಡುಗಿ ಕ್ರೇಟಿನಿಂದ ಒಂದು ಹಣ್ಣು ತೆಗೆದು ಬಾಯಿಂದಲೇ ಸಿಪ್ಪೆ ಕಚ್ಚಲು ಹೋಯಿತು. ಶಂಕ್ರಮ್ಮ ಫಟ್ಟೆಂದು ಕೈಗೆ ಹೊಡೆದಳು. ಹಣ್ಣು ಕ್ರೇಟಿಗೆ ಬಿತ್ತು.

"ಅದು ಬ್ಯಾಡ ನನ್ನವ್ವ, ಥೂ. ನಿನಗ ಮನಿ ಗೊನ್ಯಾಗಿಂದು ಕೊಡ್ತೀನಿ."

ಅದೇ ಕೈಯಿಂದ ಅದೇ ಹಣ್ಣನ್ನು ಎತ್ತಿಕೊಂಡು ಅವಳು ಮಂಚದ ಕಡೆ ತಿರುಗಿದಳು. ಕಾವೇರಿಯನ್ನು ನೋಡಿ ಒಂದು ಗಳಿಗೆ ನಿಂತಳು, ಆಮೇಲೆ ಕ್ಯಾಮರಾದ ಕಡೆ ನಕ್ಕಳು. "ನಮ್ಮ ಆಳಿನ ಕೂಸು ಇದು. ನಮ್ಮ ಮನಿ ಮಂದಿನೇ ಇದ್ದಂಗ. ಏಳವ್ವ, ಉಡಿ ಒಡ್ಡು."

ಅಣವೀರಪ್ಪ ಕಾವೇರಿಯ ಮುಖವನ್ನೇ ನೋಡುತ್ತಿದ್ದ. ನಿನ್ನೆ ಗೇಟಿನ ಹೊರಗೆ ನಿಲ್ಲಿಸಿ ನೋಡಿದ ನೋಟವೇ. ಯಂಕಪ್ಪ ಅವಳ ಸೆರಗು ಹಿಡಿದು ಕೆಳಗೆ ಜಗ್ಗಿದ.

ಕಾವೇರಿ ಎದ್ದಳು. ಸೆರಗನ್ನು ಗಂಡನ ಕೈಯಿಂದ ಬಿಡಿಸಿಕೊಂಡು, ಎರಡೂ ಕೈಯಲ್ಲಿ ಅಗಲ ಮಾಡಿ ಒಡ್ಡಿದಳು. ಶಂಕ್ರಮ್ಮ ಆ ಹಣ್ಣನ್ನೂ ಕ್ರೇಟಿನ ಇನ್ನಷ್ಟು ಹಣ್ಣನ್ನೂ ಮೇಲಿನಿಂದ ಒಂದೊಂದಾಗಿ ಬಿಟ್ಟಳು. ಕ್ಯಾಮರಾಗಳು ಮಿಂಚಿದವು. "ಅಮ್ಮ ಸ್ವಲ್ಪ ನಗು" ಎಂದ ಫೋಟೊದವನು.

ಕಾವೇರಿ ಒಂದು ಕೈಯಿಂದ ಉಡಿ ಹಿಡಿದು, ಇನ್ನೊಂದರಿಂದ ಸೊಂಟದ ಗಂಟು ಬಿಚ್ಚಿದಳು. ಮುದುಡಿದ ಪೇಪರನ್ನು ಆ ಹಣ್ಣುಗಳ ಮೇಲೆ ಹಾಕಿದಳು.

"ಏನದು?" ಎಂದ ಅಣವೀರಪ್ಪ.

"ನಿಮ್ಮದs ರೀ ಧಣಿ. ತಿರುಗಿ ಕೊಡ್ಲಾಕತ್ತೀನಿ."

ಶಂಕ್ರಮ್ಮನ ಮುಖ ನೋಡುತ್ತಲೇ ಅವಳು ಉಡಿಯ ತುದಿಗಳನ್ನು ಬಿಟ್ಟು, ಸೆರಗು ಎತ್ತಿ ಝಾಡಿಸಿದಳು. ಹಣ್ಣು ನೆಲಕ್ಕೆ ಬಿದ್ದವು. ಪೇಪರು ಬಿಚ್ಚಿಕೊಂಡಿತು. ಬೂದು ಕಲ್ಲುಗಳು ಫಿನಾಯಿಲ್ ನೀರಿನಲ್ಲಿ ಉರುಳಿ ಶಂಕ್ರಮ್ಮನ ಕಾಲ ಬಳಿ ನಿಂತು, ಚುರ್ ಎಂದು ಕುದಿಯತೊಡಗಿದವು. ನೊರೆ ಎದ್ದಿತು. ವಾರ್ಡಿನ ತುಂಬ ಬೆಳ್ಳುಳ್ಳಿಯ ವಾಸನೆ ಹರಡಿತು. ಅವಳು ಇನ್ನೊಮ್ಮೆ ಝಾಡಿಸಿದಳು. ಮಡಿಕೆಗಳಲ್ಲಿ ಉಳಿದಿದ್ದ ಪುಡಿ ಹಾರಿತು.

ಶಂಕ್ರಮ್ಮ ರೇಷ್ಮೆಯ ನೆರಿಗೆ ಎತ್ತಿಕೊಂಡು, ಮೊಮ್ಮಗಳನ್ನು ಬಾಚಿ ತಬ್ಬಿಕೊಂಡು ಹಿಂದಕ್ಕೆ ಹಾರಿದಳು.

"ಸರೀರಿ, ಸರೀರಿ. ಕೂಸಿನ ಬಾಯಾಗ ಹೋಗ್ತದ. ಮಸಾಲಿ ಅದು, ಸುಡ್ತದ."

ಆಡಿದ ಮೇಲೆ ಅವಳಿಗೆ ತಾನಾಡಿದ್ದು ಕೇಳಿಸಿತು. ಅಣವೀರಪ್ಪ ಹೆಂಡತಿಯನ್ನು ನುಂಗುವಂತೆ ನೋಡಿದ. ಕ್ಯಾಮರಾದವರು ಮಾತ್ರ ಇನ್ನೂ ಕ್ಯಾಮರಾ ಇಳಿಸಿರಲಿಲ್ಲ.

"ಬಂದ್ ಮಾಡ್ಲೇ ಅದನ್ನ, ಹಡಬಿಟ್ಟಿಗೋಳ" ಎಂದು ಅಣವೀರಪ್ಪ ಹಾರ ಕಿತ್ತುಕೊಂಡ. ಮಲ್ಲಣ್ಣ ಕ್ರೇಟು ಕೆಳಗಿಟ್ಟು ಕಾವೇರಿಯ ತೋಳಿಗೆ ಕೈ ಹಾಕಿದ. "ನಿನ್ನ ಹೆಣ ಕಮಲಾಪುರಕ್ಕ ಬರಂಗಿಲ್ಲ ನೋಡು, ಭೋಸಡಿ."

"ನಿನ್ನ ಗೋದಾಮಿಗಿ ನಾ ಉಚ್ಚಿ ಹೊಯ್ಲಾಕನೂ ಬರಂಗಿಲ್ಲ" ಎಂದಳು ಕಾವೇರಿ, ತೋಳು ಕಿತ್ತುಕೊಂಡು.

ಡಾಕ್ಟರಮ್ಮ ಫೋನು ಕಿವಿಯಿಂದ ಇಳಿಸಿ ನೆಲದ ನೊರೆ ನೋಡುತ್ತಿದ್ದಳು. ಆಮೇಲೆ ಬಂದು, ಇವರೆಲ್ಲರ ನಡುವೆ ನಿಂತು, ನಿನ್ನೆಯ ಪ್ರಶ್ನೆಯನ್ನೇ ಕೇಳಿದಳು. ದನಿಯಲ್ಲಿ ನಿನ್ನೆಯ ಬಯ್ಗುಳ ಇರಲಿಲ್ಲ.

"ಏನು ತಿಂದಿತ್ತಮ್ಮ ಮಗು?"

"ಇದನ್ನs" ಎಂದಳು ಕಾವೇರಿ. "ಅವ್ವಾರು ಉಡಿ ತುಂಬಿದ್ರು. ನಾ ತಿನ್ನಿಸಿದೆ. ಅನ್ನ ಅಲ್ರಿ. ಅನ್ನ ಸುಳ್ಳು. ನಮ್ಮ ಓಣ್ಯಾಗ ಇನ್ನೂ ಕೂಸುಗೋಳು ಅದಾವ್ರಿ, ಅವೂ ಇದನ್ನೇ ತಿಂದಾವ."

ಡಾಕ್ಟರಮ್ಮ ನರ್ಸನ್ನು ಕೂಗುತ್ತ ಓಡಿದಳು. ಝಾಡಿಸಿದಾಗ ಮಂಚಕ್ಕೆ ಉರುಳಿದ್ದ ಹಣ್ಣನ್ನು ಆಸ್ಫಿಯಾ ತನ್ನ ಮಗಳ ಕೈಯಿಂದ ಕಿತ್ತು ಕ್ರೇಟಿಗೆ ಎಸೆದಳು. ಆಚೆ ಮಂಚದ ತಾಯಿಯೂ ಎದ್ದು ಬಂದು ಎಸೆದಳು. ಅಲ್ಲಿಂದಾಚೆ ಇನ್ನೊಬ್ಬಳು. ಹಣ್ಣು ಕ್ರೇಟಿಗೆ ಬೀಳುವ ಸದ್ದಷ್ಟೇ. ಮಲ್ಲಣ್ಣ ಬಾಗಿಲಾಚೆ ನಿಂತು ಊರಿಗೆ ಫೋನು ಮಾಡಿದ ಸ್ವಲ್ಪ ಹೊತ್ತಿಗೆ ಯಂಕಪ್ಪನ ಮೊಬೈಲು ಹೊಡೆದುಕೊಳ್ಳತೊಡಗಿತು. ಊರಿನಿಂದ, ಅವನ ಅವ್ವ ಸಾಬಮ್ಮ. ಯಾಕೆ ಅಂತ ಅವನಿಗೆ ಗೊತ್ತಿತ್ತು. ಎತ್ತಲಿಲ್ಲ. ಬಗ್ಗಿ, ಮಗನ ಕಾಲು ಹಿಡಿದುಕೊಂಡು ಕೂತ.

ಗದ್ದಲಕ್ಕೆ ವಿಶ್ವಾಸ ಕಣ್ಣು ತೆರೆದ. ನಿನ್ನೆಯಿಂದ ಹೊಟ್ಟೆಯಲ್ಲಿ ಏನೂ ನಿಂತಿರಲಿಲ್ಲ. ನೆಲದ ಮೇಲೆ ಕೆಂಪು ಹಣ್ಣುಗಳು ಬಿದ್ದಿದ್ದವು. ಸಲೈನಿನ ಸೂಜಿ ಇದ್ದ ಕೈಯನ್ನೇ ಮಂಚದಿಂದ ಕೆಳಗೆ ಚಾಚಿದ.

"ಯವ್ವಾ, ಹಣ್ಣು."

ಕಾವೇರಿ ಆ ಕೈಯನ್ನು ಹಿಡಿದು ಬೆರಳು ಮಡಚಿದಳು. ಅದು ಮತ್ತೆ ಬಿಚ್ಚಿಕೊಂಡು ಚಾಚಿತು. ನೆಲದ ಮೇಲೆ ಕಲ್ಲುಗಳು ಇನ್ನೂ ಕುದಿಯುತ್ತಿದ್ದವು.